ಯಲ್ಲಾಪ್ರಗಡ ಸುಬ್ಬರಾವ್: ನೊಬೆಲ್ ಯಾಕೆ ಸಿಗಲಿಲ್ಲ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ

ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವರಿಗೆ ಆ ನೀಲಿ ಮಾತ್ರೆ ನೆನಪಿರಬಹುದು. ವಾರಕ್ಕೊಂದು ದಿನ ಊಟ ಆದಮೇಲೆ ಟೀಚರ್ ಎದುರಿಗೇ ನುಂಗಬೇಕಿತ್ತು. ನುಂಗಿದ ಹಾಗೆ ಮಾಡಿ ಆಮೇಲೆ ಕಿಟಕಿಯಾಚೆ ಉಗಿದವರೂ ಇದ್ದರು. ಅದರಲ್ಲಿ ಕಬ್ಬಿಣ ಇರುತ್ತೆ ಅಂತ ಎಲ್ಲರಿಗೂ ಗೊತ್ತು. ಕಬ್ಬಿಣದ ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಕೂಡ ಇರುತ್ತೆ. ಇದೇ ಜೋಡಿ ಕೆಂಪು ಮಾತ್ರೆಯ ರೂಪದಲ್ಲಿ ಗರ್ಭಿಣಿಯರಿಗೆ ಹೋಗುತ್ತದೆ.

ಈಗ ಇನ್ನೊಂದು ಮನೆಗೆ ಬನ್ನಿ. ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಕೀಲುನೋವಿನಿಂದ ಬೆರಳು ಸೊಟ್ಟಗಾದ ಅಜ್ಜಿ ವಾರಕ್ಕೊಮ್ಮೆ ಮಾತ್ರ ತಗೊಳ್ಳುವ ಮಾತ್ರೆಯೊಂದಿದೆ. ಹೆಸರು ಮೆಥೊಟ್ರೆಕ್ಸೇಟ್. ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೂ ಇದೇ ಮದ್ದನ್ನು ಕೊಡುತ್ತಾರೆ. ನೀವು ಯಾದಗಿರಿ, ಕಲಬುರಗಿ, ಬೀದರ್ ಕಡೆಯವರಾಗಿದ್ದರೆ ಆನೆಕಾಲು ರೋಗದ ಮಾತ್ರೆ ಹಿಡಿದು ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದದ್ದನ್ನು ನೋಡಿರುತ್ತೀರಿ. ಅದರಲ್ಲಿರೋದು ಡಿಇಸಿ ಅನ್ನೋ ಔಷಧಿ. ಇನ್ನು 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಅಂತ ಸುದ್ದಿಯಾದಾಗ ಜನ ಮೆಡಿಕಲ್ ಶಾಪ್‌ಗಳಿಗೆ ಮುಗಿಬಿದ್ದು ಕೊಂಡದ್ದು ಟೆಟ್ರಾಸೈಕ್ಲಿನ್.

ಫೋಲಿಕ್ ಆಸಿಡ್, ಮೆಥೊಟ್ರೆಕ್ಸೇಟ್, ಡಿಇಸಿ, ಟೆಟ್ರಾಸೈಕ್ಲಿನ್. ಈ ನಾಲ್ಕರ ಹಾದಿಯನ್ನೂ ಹಿಂದಕ್ಕೆ ಹಿಡಿದು ಹೋದರೆ 1940ರ ದಶಕದ ಅಮೆರಿಕದ ಒಂದೇ ಒಂದು ಪ್ರಯೋಗಾಲಯ ಸಿಗುತ್ತದೆ. ಅದರ ಮುಖ್ಯಸ್ಥ ಗೋದಾವರಿ ಸೀಮೆಯ ಭೀಮಾವರಂನಲ್ಲಿ ಹುಟ್ಟಿದವರು, ಮೆಟ್ರಿಕ್ಯುಲೇಷನ್ ಪಾಸಾಗೋಕೆ ಮೂರು ಸಲ ಕೂತವರು. ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಅವರು ಹುಟ್ಟಿದ್ದು 1895ರ ಜನವರಿ 12ರಂದು. ಅದು ವಿವೇಕಾನಂದರ ಜಯಂತಿಯ ದಿನವೂ ಹೌದು, ಹಾಗಾಗಿ ಆವತ್ತು ನಮ್ಮ ಫೋನುಗಳಲ್ಲಿ ಬೇರೆ ಯಾರಿಗೂ ಜಾಗ ಇರೋದಿಲ್ಲ. ಅಪ್ಪಿತಪ್ಪಿ ಸುಬ್ಬರಾವ್ ಬಗ್ಗೆ ಒಂದು ಫಾರ್ವರ್ಡ್ ಬಂದರೂ ಅದರ ರಾಗ ಒಂದೇ: ಭಾರತೀಯನಿಗೆ ನೊಬೆಲ್ ತಪ್ಪಿಸಿದರು, ಬಿಳಿಯರು ಮೋಸ ಮಾಡಿದರು. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಆ ಬದುಕನ್ನು ಪೂರ್ತಿ ನೋಡಿದರೆ ಅವರಿಗೆ ಬಾಗಿಲು ಹಾಕಿದವರ ಪಟ್ಟಿಯಲ್ಲಿ ಮೊದಲ ಹೆಸರು ಅಮೆರಿಕದ್ದಲ್ಲ.

ಬಾಳೆಹಣ್ಣು ಮಾರೋಕೆ ಹೊರಟ ಹುಡುಗ

ಅಪ್ಪ ಜಗನ್ನಾಥಂ ಕಂದಾಯ ಇಲಾಖೆಯ ಸಣ್ಣ ನೌಕರ. ಆರೋಗ್ಯ ಕೆಟ್ಟು ಅವಧಿಗೆ ಮೊದಲೇ ಕೆಲಸ ಬಿಡಬೇಕಾಯಿತು. ಮನೆಯಲ್ಲಿ ಏಳು ಮಕ್ಕಳು. ಓದು ತಲೆಗೆ ಹತ್ತದ ಸುಬ್ಬರಾವ್‌ಗೆ ಹದಿಮೂರರ ಆಸುಪಾಸಿನಲ್ಲಿ ಒಂದು ಐಡಿಯಾ ಹೊಳೆಯಿತು. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿದರೆ ದುಡ್ಡಾಗುತ್ತೆ ಅಂತ ಮನೆ ಬಿಟ್ಟು ಓಡಿದ. ದಾರಿಯಲ್ಲೇ ಸಿಕ್ಕಿಬಿದ್ದ. ತಾಯಿ ವೆಂಕಮ್ಮ ಗಟ್ಟಿಗಿತ್ತಿ. ಮಗನನ್ನು ವಾಪಸ್ ಕರೆತಂದು ಶಾಲೆಗೇ ಕಳಿಸಿದರು.

ಕೊನೆಗೆ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೇ ಪ್ರಯತ್ನದಲ್ಲಿ ಮೆಟ್ರಿಕ್ಯುಲೇಷನ್ ಆಯಿತು. ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ರಾಮಕೃಷ್ಣ ಮಿಷನ್ನಿನ ಸೆಳೆತಕ್ಕೆ ಬಿದ್ದು ಸನ್ಯಾಸಿ ಆಗ್ತೀನಿ ಅಂತ ಹಟ ಹಿಡಿದರು. ತಾಯಿ ಒಪ್ಪಲಿಲ್ಲ. ತಾಯಿಯ ಒಪ್ಪಿಗೆ ಇಲ್ಲದೆ ಮಿಷನ್ನಿನವರೂ ಸೇರಿಸಿಕೊಳ್ಳಲಿಲ್ಲ. ಸೇವೆ ಮಾಡುವ ಮನಸ್ಸಿದ್ದರೆ ವೈದ್ಯನಾಗಬಹುದಲ್ಲ ಅನ್ನೋ ಸಲಹೆ ಅಲ್ಲಿಂದಲೇ ಬಂತು. ಹಾಗೆ ಅವರು ಮದ್ರಾಸ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾದರು.

ಫೀಸಿಗೆ ದುಡ್ಡಿರಲಿಲ್ಲ. ಗೆಳೆಯರು ಕೊಟ್ಟರು, ಕಸ್ತೂರಿ ಸೂರ್ಯನಾರಾಯಣ ಮೂರ್ತಿ ಅನ್ನುವವರೂ ಕೊಟ್ಟರು. 1919ರಲ್ಲಿ ಅದೇ ಮೂರ್ತಿಯವರ ಮಗಳು ಶೇಷಗಿರಿಯವರ ಜೊತೆ ಮದುವೆಯಾಯಿತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಒಂದು ಖಾದಿ ಗೌನಿನ ಬೆಲೆ

ಅದು ಗಾಂಧಿ ವಿದೇಶಿ ಬಟ್ಟೆ ಬಿಡಿ ಅಂತ ಕರೆ ಕೊಟ್ಟ ಕಾಲ. ಸುಬ್ಬರಾವ್ ಆಪರೇಷನ್ ಥಿಯೇಟರಿಗೂ ಖಾದಿಯ ಗೌನು ಹಾಕಿಕೊಂಡು ಹೋಗತೊಡಗಿದರು. ಸರ್ಜರಿ ಪ್ರೊಫೆಸರ್ ಬ್ರಾಡ್‌ಫೀಲ್ಡ್‌ಗೆ ಅದು ಹಿಡಿಸಲಿಲ್ಲ. ಬೇರೆ ವಿಷಯಗಳಲ್ಲಿ ಸುಬ್ಬರಾವ್ ಚೆನ್ನಾಗಿಯೇ ಬರೆದಿದ್ದರು. ಆದರೂ ಎಂಬಿಬಿಎಸ್ ಸಿಗಲಿಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟ್ ಕೈಗೆ ಬಂತು. ಮದ್ರಾಸ್ ವೈದ್ಯಕೀಯ ಸೇವೆ ಸೇರೋಕೆ ಪ್ರಯತ್ನಪಟ್ಟರು, ಅದೂ ಆಗಲಿಲ್ಲ.

ಕ್ಯಾಂಪಸ್ಸಿನಲ್ಲಿ ಒಂದು ಪ್ರತಿಭಟನೆಗೆ ಹೋದದ್ದಕ್ಕೆ, ಒಂದು ಪೋಸ್ಟ್ ಹಾಕಿದ್ದಕ್ಕೆ ನೋಟಿಸ್ ಪಡೆದವರಿಗೆ ಈ ಕಥೆ ಹೊಸದಲ್ಲ. ರಾಜಕೀಯ ನಿಲುವಿಗೆ ಮಾರ್ಕ್ಸ್ ಕಾರ್ಡಿನಲ್ಲಿ ಉತ್ತರ ಕೊಡುವ ಪದ್ಧತಿ ನೂರು ವರ್ಷ ಹಳೆಯದು.

ಸರ್ಕಾರಿ ಕೆಲಸ ಸಿಗದ ಸುಬ್ಬರಾವ್‌ಗೆ ಆಸರೆಯಾದದ್ದು ಮದ್ರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿ ನಡೆಸುತ್ತಿದ್ದ ಆಯುರ್ವೇದ ಕಾಲೇಜು. ಅಲ್ಲಿ ಅನಾಟಮಿ ಪಾಠ ಮಾಡುತ್ತಾ ಗಿಡಮೂಲಿಕೆಗಳ ಕಡೆ ತಲೆ ಹಾಕಿದರು. ಅದೇ ವರ್ಷಗಳಲ್ಲಿ ಅವರ ಇಬ್ಬರು ಸಹೋದರರು ಒಬ್ಬರ ಹಿಂದೊಬ್ಬರು ತೀರಿಹೋದರು. ಕಾಯಿಲೆಯ ಹೆಸರು ಟ್ರಾಪಿಕಲ್ ಸ್ಪ್ರೂ. ಇದರಲ್ಲಿ ಕರುಳು ಊಟದ ಸತ್ವವನ್ನು ಹೀರಿಕೊಳ್ಳೋದಿಲ್ಲ. ತಿಂದದ್ದು ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಕಡಿಮೆಯಾಗಿ ಮನುಷ್ಯ ಸವೆಯುತ್ತಾನೆ. ಸುಬ್ಬರಾವ್‌ಗೂ ಈ ಕಾಯಿಲೆ ತಗುಲಿತ್ತು. ಅವರು ಉಳಿದರು, ಲಕ್ಷ್ಮೀಪತಿಯವರೇ ಚಿಕಿತ್ಸೆ ಕೊಟ್ಟಿದ್ದರು. ಆದರೆ ಆ ಕಾಯಿಲೆಯಲ್ಲಿ ದೇಹಕ್ಕೆ ಯಾವ ವಸ್ತುವಿನ ಕೊರತೆಯಾಗುತ್ತದೆ ಅಂತ ಆಗ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮದ್ರಾಸಿಗೆ ಬಂದಿದ್ದ ಅಮೆರಿಕದ ವೈದ್ಯರೊಬ್ಬರು ಸಂಶೋಧನೆ ಮಾಡಬೇಕಿದ್ದರೆ ಅಮೆರಿಕಕ್ಕೆ ಹೋಗು ಅಂತ ಹುರಿದುಂಬಿಸಿದರು. ಹಣ ಎಲ್ಲಿಂದ? ಒಂದಷ್ಟನ್ನು ಮಾವ ಹೊಂದಿಸಿದರು. ಇನ್ನೊಂದಷ್ಟು ಬಂದದ್ದು ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ದತ್ತಿಯಿಂದ. ನಾಯಕರ್ ಅವರು ಬಡತನದಿಂದ ಮೇಲೆದ್ದು, ರಂಗೂನಿನ ವ್ಯಾಪಾರದಲ್ಲಿ ಹಣ ಮಾಡಿ, ಆ ಆಸ್ತಿಯನ್ನು ಶಿಕ್ಷಣಕ್ಕಾಗಿ ಬರೆದಿಟ್ಟು ಹೋದ ಬ್ರಾಹ್ಮಣೇತರ ವ್ಯಾಪಾರಿ. ಬಡ ಬ್ರಾಹ್ಮಣ ಕುಟುಂಬದ ಹುಡುಗನಿಗೆ ಅಕ್ಷರದ ದಾರಿ ಜಾತಿಯಿಂದ ಸಿಕ್ಕಿತ್ತು, ಹಡಗಿನ ದಾರಿ ಮಾತ್ರ ನಾಯಕರ್ ಅವರ ದುಡ್ಡಿನಿಂದ ತೆರೆಯಿತು. ನಾವು ಸುಬ್ಬರಾವ್ ಕಥೆ ಹೇಳುವಾಗ ಈ ಮನುಷ್ಯನ ಹೆಸರನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

ಬಾಸ್ಟನ್ನಿನ ರಾತ್ರಿ ಪಾಳಿ

1920ರ ದಶಕದ ಆರಂಭದಲ್ಲಿ ಸುಬ್ಬರಾವ್ ಬಾಸ್ಟನ್ ತಲುಪಿದರು. ಹಾರ್ವರ್ಡ್‌ನ ಉಷ್ಣವಲಯ ವೈದ್ಯಶಾಲೆಯಲ್ಲಿ ಸೀಟು ಸಿಕ್ಕಿತ್ತು, ಆದರೆ ಹೊಟ್ಟೆಗೆ ಏನು? ಎಲ್‌ಎಂಎಸ್ ಇಟ್ಟುಕೊಂಡು ಅಲ್ಲಿ ವೈದ್ಯನಾಗಿ ದುಡಿಯುವಂತಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದರು. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯೋದು, ವಾರ್ಡಿನಲ್ಲಿ ಹೇಳಿದ ಕೆಲಸ ಮಾಡೋದು. ಹಗಲು ಕ್ಲಾಸು.

ಅಮೆರಿಕದ ಅವತ್ತಿನ ಕಾನೂನನ್ನೂ ನೆನಪಿಸಿಕೊಳ್ಳಬೇಕು. 1917ರ ವಲಸೆ ಕಾಯ್ದೆ ಏಷ್ಯಾದ ಬಹುಭಾಗದ ಜನರಿಗೆ ಬಾಗಿಲು ಮುಚ್ಚಿತ್ತು, ವಿದ್ಯಾರ್ಥಿಗಳಂಥ ಕೆಲವರಿಗೆ ಮಾತ್ರ ವಿನಾಯಿತಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಪಡೆಯುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಭಾರತೀಯರಿಗೆ ಮತ್ತೆ ಆ ಅವಕಾಶ ಸಿಕ್ಕಿದ್ದು 1946ರಲ್ಲಿ. ವಲಸೆಗೆ ಅವಕಾಶ ಇದ್ದದ್ದು ವರ್ಷಕ್ಕೆ 100 ಜನರಿಗೆ ಮಾತ್ರ. ಸುಬ್ಬರಾವ್ ಅಲ್ಲಿ ಬದುಕಿದ್ದಷ್ಟೂ ದಿನ ಪರದೇಶಿಯಾಗಿಯೇ ಇದ್ದರು.

ನೀಲಿ ಬಣ್ಣ ತಡವಾಗಿ ಬಂದದ್ದೇಕೆ?

ಡಿಪ್ಲೊಮಾ ಮುಗಿಸಿ ಅವರು ಸೇರಿದ್ದು ಆಟೋ ಫೋಲಿನ್ ಮುಖ್ಯಸ್ಥರಾಗಿದ್ದ ಹಾರ್ವರ್ಡ್‌ನ ಬಯೋಕೆಮಿಸ್ಟ್ರಿ ವಿಭಾಗಕ್ಕೆ. ಅಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ. ಮೊದಲ ಸವಾಲು ನೋಡೋಕೆ ಸಣ್ಣದು: ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಅಂತ ಅಳೆಯೋದು ಹೇಗೆ?

1925ರಲ್ಲಿ ಇಬ್ಬರೂ ಸೇರಿ ಉತ್ತರ ಪ್ರಕಟಿಸಿದರು. ರಂಜಕ ಇರುವ ದ್ರಾವಣಕ್ಕೆ ಮಾಲಿಬ್ಡೇಟ್ ಸೇರಿಸಿ, ಆಮೇಲೆ ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢವಾಗುತ್ತದೆ. ಬಣ್ಣವನ್ನು ಅಳೆದರೆ ರಂಜಕವನ್ನು ಅಳೆದ ಹಾಗೆ. ಫಿಸ್ಕೆ-ಸುಬ್ಬರಾವ್ ವಿಧಾನ ಅಂತಲೇ ಇದಕ್ಕೆ ಹೆಸರು. ಬಯೋಕೆಮಿಸ್ಟ್ರಿ ಓದಿದವರು ಲ್ಯಾಬ್ ರೆಕಾರ್ಡಿನಲ್ಲಿ ಇದನ್ನು ಬರೆದೇ ಇರುತ್ತಾರೆ. ಬರೆದವರಲ್ಲಿ ಎಷ್ಟೋ ಮಂದಿಗೆ ಆ ಸುಬ್ಬರಾವ್ ಯಾರು ಅಂತ ಗೊತ್ತಿರೋದಿಲ್ಲ.

ನಿಜವಾದ ಆಟ ಶುರುವಾದದ್ದು ಈ ವಿಧಾನವನ್ನು ಸ್ನಾಯುವಿನ ಮೇಲೆ ಪ್ರಯೋಗಿಸಿದಾಗ. ತಕ್ಷಣ ಬರಬೇಕಿದ್ದ ನೀಲಿ, ನಿಧಾನಕ್ಕೆ ಏರುತ್ತಾ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಏನೋ ಎಡವಟ್ಟಾಗಿದೆ ಅಂತ ಚೆಲ್ಲಿಬಿಡುತ್ತಿದ್ದರೇನೋ. ಇವರಿಬ್ಬರು ಚೆಲ್ಲಲಿಲ್ಲ. ಸ್ನಾಯುವಿನಲ್ಲಿ ರಂಜಕವನ್ನು ಸಡಿಲವಾಗಿ ಹಿಡಿದಿಟ್ಟುಕೊಂಡ ಯಾವುದೋ ವಸ್ತು ಇದೆ, ಅದು ಒಡೆಯುತ್ತಾ ಹೋದ ಹಾಗೆ ರಂಜಕ ಬಿಡುಗಡೆಯಾಗುತ್ತಿದೆ ಅಂತ ಊಹಿಸಿ ಬೆನ್ನು ಹತ್ತಿದರು. 1927ರಲ್ಲಿ ಸಿಕ್ಕಿದ್ದು ಫಾಸ್ಫೋಕ್ರಿಯಾಟಿನ್. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಗಲ್‌ಟನ್ ದಂಪತಿ ಕೂಡ ಅದೇ ವಸ್ತುವಿನ ಜಾಡಿನಲ್ಲಿದ್ದರು.

ಇದು ಯಾಕೆ ದೊಡ್ಡದು? ಸ್ನಾಯು ಕುಗ್ಗೋದಕ್ಕೆ ಬೇಕಾದ ಶಕ್ತಿ ಲ್ಯಾಕ್ಟಿಕ್ ಆಸಿಡ್ ತಯಾರಾಗುವುದರಿಂದ ಬರುತ್ತದೆ ಅನ್ನೋದು ಆಗಿನ ನಂಬಿಕೆ. ಈ ದಿಕ್ಕಿನಲ್ಲಿ ಕೆಲಸ ಮಾಡಿದ ಹಿಲ್ ಮತ್ತು ಮೇಯರ್‌ಹಾಫ್ 1922ರ ನೊಬೆಲ್ ಪಡೆದಿದ್ದರು. ಫಾಸ್ಫೋಕ್ರಿಯಾಟಿನ್ ಆ ನಂಬಿಕೆಯ ಬುಡ ಅಲ್ಲಾಡಿಸಿತು. 1929ರಲ್ಲಿ ಫಿಸ್ಕೆ ಮತ್ತು ಸುಬ್ಬರಾವ್ ಸ್ನಾಯುವಿನಿಂದಲೇ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಅದನ್ನು ಕಂಡುಹಿಡಿದರು. ಅದುವೇ ಎಟಿಪಿ.

ಎಟಿಪಿ ಅಂದ್ರೆ ಜೀವಕೋಶದ ಚಿಲ್ಲರೆ ಕಾಸು. ಊಟದಿಂದ ಬಂದ ಶಕ್ತಿಯನ್ನು ಜೀವಕೋಶ ನೇರವಾಗಿ ಖರ್ಚು ಮಾಡಲಾಗದು, ಎಟಿಪಿಯಾಗಿ ಮುರಿಸಿಕೊಂಡೇ ಬಳಸಬೇಕು. ನೀವು ಈ ಸಾಲು ಓದುವಾಗ ಕಣ್ಣು ಹೊರಳಿಸೋಕೂ ಅದೇ ಬೇಕು. ನಮ್ಮ ಮೈ ಒಂದು ದಿನದಲ್ಲಿ ಒಡೆದು ಮತ್ತೆ ಕಟ್ಟುವ ಎಟಿಪಿಯ ಮೊತ್ತ ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟೇ ಆಗುತ್ತದೆ. ಅದನ್ನು ಕಟ್ಟುವ ಕಿಣ್ವ ಪುಟ್ಟ ಚಕ್ರದ ಹಾಗೆ ತಿರುಗುತ್ತದೆ ಅನ್ನೋದನ್ನು ತಿಳಿಸಿದವರಿಗೆ 1997ರಲ್ಲಿ ನೊಬೆಲ್ ಬಂತು. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಯ ಎಳೆ ಹೆಣೆಯೋಕೆ ಬೇಕಾದ ನಾಲ್ಕು ಕಚ್ಚಾವಸ್ತುಗಳಲ್ಲಿ ಎಟಿಪಿಯೂ ಒಂದು. ಇವತ್ತಿನ ಅಣುಜೀವಶಾಸ್ತ್ರದ ಪುಸ್ತಕದಲ್ಲಿ ಈ ಮೂರಕ್ಷರ ಇಲ್ಲದ ಅಧ್ಯಾಯ ಹುಡುಕೋದು ಕಷ್ಟ.

ಹಾರ್ವರ್ಡ್ ತೆರೆಯದ ಬಾಗಿಲು

1930ರಲ್ಲಿ ಸುಬ್ಬರಾವ್‌ಗೆ ಪಿಎಚ್‌ಡಿ ಸಿಕ್ಕಿತು. ಪಠ್ಯಪುಸ್ತಕ ಬದಲಿಸುವಂಥ ಎರಡು ಶೋಧಗಳು ಆಗಲೇ ಕೈಯಲ್ಲಿದ್ದವು. ಅಷ್ಟಿದ್ದೂ ಮುಂದಿನ ಹತ್ತು ವರ್ಷ ಅವರು ಹಾರ್ವರ್ಡ್‌ನಲ್ಲಿ ಕೆಳಗಿನ ಹುದ್ದೆಗಳಲ್ಲೇ ಉಳಿದರು. ಕಾಯಂ ಪ್ರಾಧ್ಯಾಪಕ ಹುದ್ದೆ ಬರಲೇ ಇಲ್ಲ.

ಅದೇ ವಿಭಾಗದಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಜಾರ್ಜ್ ಹಿಚಿಂಗ್ಸ್ ಮುಂದೆ 1988ರ ನೊಬೆಲ್ ಪಡೆದರು. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಬೇರೆಯವರು ವರ್ಷಗಳ ನಂತರ ಮತ್ತೆ ಕಂಡುಹಿಡಿಯಬೇಕಾಯಿತು, ಯಾಕಂದ್ರೆ ಫಿಸ್ಕೆಯ ಅಸೂಯೆಯಿಂದಾಗಿ ಆ ಕೆಲಸ ಬೆಳಕಿಗೇ ಬರಲಿಲ್ಲ ಅಂತ ಅವರು ನೆನಪಿಸಿಕೊಂಡಿದ್ದಾರೆ. ಇದು ಒಬ್ಬರ ಸಾಕ್ಷ್ಯ, ಫಿಸ್ಕೆ ಮಾತು ನಮಗೆ ಕೇಳಿಸೋದಿಲ್ಲ. ಆದರೆ ಮಾರ್ಗದರ್ಶಕರ ಮೇಜಿನ ಡ್ರಾಯರಿನಲ್ಲಿ ಕೊಳೆಯುವ ಪ್ರಬಂಧದ ಕಥೆ ನಮ್ಮ ಯಾವುದೇ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗೂ ಬಿಡಿಸಿ ಹೇಳಬೇಕಾಗಿಲ್ಲ.

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧಿ ಕಂಪನಿ ಸೇರಿದರು. ಸ್ವಲ್ಪ ಕಾಲದಲ್ಲೇ ಅಲ್ಲಿನ ಸಂಶೋಧನಾ ನಿರ್ದೇಶಕರಾದರು. ವಿಶ್ವವಿದ್ಯಾಲಯ ಕೊಡದ ಜಾಗವನ್ನು ಒಂದು ಖಾಸಗಿ ಕಂಪನಿ ಕೊಟ್ಟಿತು. ಇದರಲ್ಲಿ ಕಂಪನಿಯ ದೊಡ್ಡತನ ಹುಡುಕಬೇಕಿಲ್ಲ. ಅದಕ್ಕೆ ಮಾರಾಟವಾಗುವ ಔಷಧಿ ಬೇಕಿತ್ತು, ಅದನ್ನು ಹುಡುಕಬಲ್ಲ ಮನುಷ್ಯ ಅಗ್ಗಕ್ಕೆ ಸಿಕ್ಕಿದ್ದರು.

ಮುಂಬೈ ಗಿರಣಿಯಿಂದ ಪರ್ಲ್ ರಿವರ್‌ಗೆ

ಫೋಲಿಕ್ ಆಸಿಡ್ ಕಥೆ ಶುರುವಾಗೋದು ಭಾರತದಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಬ್ರಿಟಿಷ್ ವೈದ್ಯೆ ಮುಂಬೈಗೆ ಬಂದರು. ಜವಳಿ ಗಿರಣಿಗಳ ಗರ್ಭಿಣಿ ಕಾರ್ಮಿಕರಲ್ಲಿ ವಿಪರೀತ ರಕ್ತಹೀನತೆ ಇತ್ತು, ಎಷ್ಟೋ ಜನ ಸಾಯುತ್ತಿದ್ದರು. ವಿಲ್ಸ್ ಸೋಂಕು ಹುಡುಕಿದರು, ಸಿಗಲಿಲ್ಲ. ಊಟ ನೋಡಿದರು, ಅಲ್ಲಿ ಸಿಕ್ಕಿತು: ಬಡತನದ ತಟ್ಟೆಯಲ್ಲಿ ಏನೋ ಒಂದು ಇರಲಿಲ್ಲ. ಈಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟ್ ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. ಅದರಲ್ಲಿದ್ದ ವಸ್ತು ಏನು ಅಂತ ಗೊತ್ತಾಗದೆ ಅದಕ್ಕೆ ವಿಲ್ಸ್ ಫ್ಯಾಕ್ಟರ್ ಅನ್ನೋ ಹೆಸರು ಬಿತ್ತು. 1941ರಲ್ಲಿ ಅಮೆರಿಕದ ಬೇರೊಂದು ತಂಡ ಪಾಲಕ್ ಸೊಪ್ಪಿನಿಂದ ಇಂಥದ್ದೇ ವಸ್ತು ತೆಗೆದು, ಎಲೆ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಸಿಡ್ ಅಂತ ಕರೆಯಿತು.

ಸುಬ್ಬರಾವ್ ಹುಡುಕುತ್ತಿದ್ದದ್ದು ಯಕೃತ್ತಿನ ಸಾರದಲ್ಲಿದ್ದ ಇನ್ನೊಂದು ವಸ್ತುವನ್ನು. ಪರ್ನಿಷಿಯಸ್ ಅನೀಮಿಯಾ ಅನ್ನೋ ಮಾರಕ ರಕ್ತಹೀನತೆಯನ್ನು ವಾಸಿಮಾಡುವ ಅಂಶ ಅದು. ಅದು ಅವರಿಗೆ ಸಿಗಲಿಲ್ಲ. 1948ರಲ್ಲಿ ಬೇರೆಯವರಿಗೆ ಸಿಕ್ಕಿತು, ಬಿ12 ಅಂತ ಹೆಸರಾಯಿತು. ಆದರೆ ಆ ಹುಡುಕಾಟದಲ್ಲೇ ಲೆಡರ್ಲೆ ತಂಡ ಫೋಲಿಕ್ ಆಸಿಡನ್ನು ಬೇರ್ಪಡಿಸಿ, ಅದರ ರಚನೆ ತಿಳಿದು, 1945ರ ಹೊತ್ತಿಗೆ ಕೃತಕವಾಗಿ ತಯಾರಿಸಿತು. ಪ್ರಬಂಧದ ಮೇಲೆ ಹದಿನೈದಕ್ಕೂ ಹೆಚ್ಚು ಹೆಸರುಗಳಿದ್ದವು, ಸುಬ್ಬರಾವ್ ಅವರದ್ದು ಅವುಗಳಲ್ಲಿ ಒಂದು ಅಷ್ಟೇ.

ಕಿಲೋಗಟ್ಟಲೆ ಯಕೃತ್ತಿನಿಂದ ಚೂರುಪಾರು ಸಿಗುತ್ತಿದ್ದ ವಸ್ತು ಈಗ ಬೇಕಾದಷ್ಟು ಸಿಗತೊಡಗಿತು. ವೈದ್ಯರು ಅದನ್ನು ಯಾವ ಕಾಯಿಲೆಗೆ ಕೊಟ್ಟು ನೋಡಿದರು ಗೊತ್ತಾ? ಟ್ರಾಪಿಕಲ್ ಸ್ಪ್ರೂ. ಹಾಸಿಗೆ ಹಿಡಿದವರು ಎದ್ದು ಕೂತರು. ಇಪ್ಪತ್ತೈದು ವರ್ಷಗಳ ಹಿಂದೆ ಸುಬ್ಬರಾವ್ ಸಹೋದರರನ್ನು ಕೊಂದ ಕಾಯಿಲೆಗೆ ಮದ್ದು ಸಿಕ್ಕಿತ್ತು.

ಕೀಲಿಗೆ ಹೋಗಿ ತಿರುಗದ ಕೀ

ಫೋಲಿಕ್ ಆಸಿಡ್ ಇಲ್ಲದೆ ಜೀವಕೋಶ ಡಿಎನ್‌ಎ ಕಟ್ಟಲಾರದು, ಡಿಎನ್‌ಎ ಇಲ್ಲದೆ ಒಡೆದು ಎರಡಾಗಲಾರದು. ಹಾಗಾಗಿ ರಕ್ತದ ಜೀವಕೋಶಗಳಂಥ ಬೇಗ ಬೇಗ ಹುಟ್ಟುವ ಕೋಶಗಳಿಗೆ ಅದು ಹೆಚ್ಚು ಬೇಕು. ಕ್ಯಾನ್ಸರ್ ಕೋಶಕ್ಕೂ ಅಷ್ಟೇ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಬಂದ ಮಕ್ಕಳಿಗೆ ಲೆಡರ್ಲೆಯಿಂದ ಬಂದ ಫೋಲಿಕ್ ಆಸಿಡ್ ಜಾತಿಯ ವಸ್ತುಗಳನ್ನು ಕೊಟ್ಟು ನೋಡಿದರು. ಕಾಯಿಲೆ ಇಳಿಯಲಿಲ್ಲ, ಇನ್ನಷ್ಟು ಜೋರಾಯಿತು. ಭಯಂಕರ ಫಲಿತಾಂಶ. ಆದರೆ ಅದರೊಳಗೇ ಸುಳಿವಿತ್ತು: ಕೊಟ್ಟರೆ ಬೆಳೆಯುತ್ತೆ ಅಂದ್ರೆ ತಡೆದರೆ ಸಾಯಬಹುದಲ್ಲವೇ?

ಸುಬ್ಬರಾವ್ ತಂಡದ ರಸಾಯನಶಾಸ್ತ್ರಜ್ಞರು ಫೋಲಿಕ್ ಆಸಿಡ್ಡಿನ ಅಣುವಿನಲ್ಲಿ ಸಣ್ಣ ಬದಲಾವಣೆ ಮಾಡಿ ಅದರ ನಕಲಿಗಳನ್ನು ತಯಾರಿಸಿದರು. ನಕಲಿ ಕೀ ಬೀಗದೊಳಗೆ ಹೋಗುತ್ತದೆ, ಆದರೆ ತಿರುಗೋದಿಲ್ಲ, ಅಸಲಿ ಕೀಗೂ ಜಾಗ ಬಿಡೋದಿಲ್ಲ. ಹಾಗೆ ಜೀವಕೋಶದ ಕಿಣ್ವ ಕಟ್ಟಿಹಾಕಲ್ಪಟ್ಟು ಡಿಎನ್‌ಎ ಕೆಲಸ ನಿಂತುಹೋಗುತ್ತದೆ. ಅಂಥ ಒಂದು ನಕಲಿ ಅಮಿನೊಪ್ಟೆರಿನ್. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯ ಪ್ರಕಾರ ತೀವ್ರವಾಗಿ ಕಾಯಿಲೆ ಬಿದ್ದಿದ್ದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಕೆ ಕಂಡರು. ಅದು ತಾತ್ಕಾಲಿಕ, ಕಾಯಿಲೆ ಮರಳುತ್ತಿತ್ತು. ಆದರೂ ಲ್ಯುಕೇಮಿಯಾವನ್ನು ಔಷಧಿಯಿಂದ ಹಿಮ್ಮೆಟ್ಟಿಸಬಹುದು ಅಂತ ಮೊದಲ ಬಾರಿಗೆ ಕಂಡಿತು. ಅದೇ ಕುಟುಂಬದ ಇನ್ನೊಂದು ಅಣು ಮೆಥೊಟ್ರೆಕ್ಸೇಟ್. 1956ರಲ್ಲಿ ಗರ್ಭಕ್ಕೆ ಸಂಬಂಧಿಸಿದ ಅಪರೂಪದ ಕ್ಯಾನ್ಸರ್ ಒಂದನ್ನು ಈ ಮದ್ದು ಪೂರ್ತಿ ಇಲ್ಲವಾಗಿಸಿದ್ದು ವರದಿಯಾಯಿತು.

ಫಾರ್ಬರ್ ವರದಿಯ ಲೇಖಕರ ಸಾಲಿನಲ್ಲಿ ಸುಬ್ಬರಾವ್ ಹೆಸರಿಲ್ಲ. ಅಮಿನೊಪ್ಟೆರಿನ್ ತಯಾರಿಯ ರಸಾಯನಶಾಸ್ತ್ರ ಪ್ರಬಂಧದಲ್ಲೂ ಇಲ್ಲ, ಅಲ್ಲಿರೋದು ಅವರ ಕೈಕೆಳಗೆ ಕೆಲಸ ಮಾಡಿದವರ ಹೆಸರು.

ಇಷ್ಟರ ನಡುವೆ ಇನ್ನೆರಡು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಫೈಲೇರಿಯಾ ತಗುಲಿತು. ಅಲ್ಲಿಂದ ಶುರುವಾದ ಹುಡುಕಾಟದ ಫಲ ಡಿಇಸಿ, 1947ರಲ್ಲಿ ಪ್ರಕಟವಾಯಿತು. ನಿವೃತ್ತಿಯ ವಯಸ್ಸಿನಲ್ಲಿ ಲೆಡರ್ಲೆಗೆ ಬಂದಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್, ಮಿಸ್ಸೌರಿಯ ಹೊಲವೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಆರಿಯೊಮೈಸಿನ್ ತೆಗೆದರು. ಟೆಟ್ರಾಸೈಕ್ಲಿನ್ ಬಳಗದ ಮೊದಲ ಆಂಟಿಬಯೋಟಿಕ್ ಅದು, 1948ರಲ್ಲಿ ಬಳಕೆಗೆ ಬಂತು.

ಅದೇ 1948ರ ಆಗಸ್ಟ್‌ನಲ್ಲಿ, ಒಂದು ರಾತ್ರಿ ಮಲಗಿದ ಸುಬ್ಬರಾವ್ ಏಳಲಿಲ್ಲ. ಹೃದಯಾಘಾತ. ವಯಸ್ಸು 53.

ಕಾದು ಕೂತವರು

ಶೇಷಗಿರಿಯವರ ಕಥೆ ಈ ಎಲ್ಲ ಯಶಸ್ಸಿನ ಹಿಂಬದಿಯಲ್ಲಿದೆ. ಗಂಡ ಹಡಗು ಹತ್ತಿದ ಮೇಲೆ ಮಗ ಹುಟ್ಟಿದ, ಹಸುಗೂಸಾಗಿರುವಾಗಲೇ ತೀರಿಕೊಂಡ. ಅಪ್ಪ ಮಗನ ಮುಖ ನೋಡಲಿಲ್ಲ. ಮುಂದಿನ ಇಪ್ಪತ್ತೈದು ವರ್ಷ ಸುಬ್ಬರಾವ್ ಭಾರತಕ್ಕೆ ಬರಲೂ ಇಲ್ಲ, ಹೆಂಡತಿಯನ್ನು ಕರೆಸಿಕೊಳ್ಳಲೂ ಇಲ್ಲ. ಮೊದಲು ದುಡ್ಡಿರಲಿಲ್ಲ, ಹೊರಗೆ ಹೋದರೆ ಒಳಗೆ ಬರೋದು ಕಷ್ಟ ಅನ್ನೋ ಕಾನೂನಿತ್ತು. ಆಮೇಲೆ ಕೆಲಸವಿತ್ತು. ಇವೆಲ್ಲ ಕಾರಣಗಳು ನಿಜವೇ. ಆದರೂ ಅವರ ಸಂಶೋಧನೆಯ ಬೆಲೆಯ ಒಂದು ದೊಡ್ಡ ಪಾಲನ್ನು ಕಟ್ಟಿದ್ದು ಅವರಲ್ಲ, ಊರಿನಲ್ಲಿ ಕಾಯುತ್ತಾ ಉಳಿದ ಒಬ್ಬ ಹೆಣ್ಣುಮಗಳು. ಸನ್ಯಾಸಿಯಾಗದ ಗಂಡ ಲ್ಯಾಬಿನಲ್ಲಿ ಸನ್ಯಾಸಿಯಾದ. ಮಹಾಪುರುಷರ ಜೀವನಚರಿತ್ರೆ ಬರೆಯುವಾಗ ಈ ಪುಟವನ್ನು ತ್ಯಾಗ ಅನ್ನೋ ಒಂದೇ ಪದದಲ್ಲಿ ಮುಗಿಸೋದು ಸುಲಭ. ಯಾರ ತ್ಯಾಗ ಅಂತ ಕೇಳೋದು ಒಳ್ಳೇದು.

ಹಾಗಾದರೆ ನಾವು ಕೇಳಬೇಕಾದ್ದೇನು?

ನೊಬೆಲ್ ಸಿಗಬೇಕಿತ್ತೇ? ಎಟಿಪಿ ಒಂದಕ್ಕೇ ಸಿಗಬಹುದಿತ್ತು. ಆದರೆ ಫಿಸ್ಕೆಗೂ ಸಿಗಲಿಲ್ಲ, ಲೋಮನ್‌ಗೂ ಸಿಗಲಿಲ್ಲ, ಲೂಸಿ ವಿಲ್ಸ್‌ಗೂ ಸಿಗಲಿಲ್ಲ. ಒಂದೊಂದು ಮಾತ್ರೆಯ ಹಿಂದೆ ಇಪ್ಪತ್ತು ಕೈಗಳಿರುವಾಗ ಒಬ್ಬರ ಕೊರಳಿಗೆ ಪದಕ ಹಾಕುವ ಪದ್ಧತಿಯೇ ಅರೆಬರೆ. ಸುಬ್ಬರಾವ್ ಅವರನ್ನೂ ಒಂಟಿ ಪವಾಡಪುರುಷ ಮಾಡಿದರೆ ಅವರ ತಂಡಕ್ಕೆ ನಾವೇ ಅನ್ಯಾಯ ಮಾಡಿದ ಹಾಗೆ.

ನಿಜವಾದ ಪ್ರಶ್ನೆ ಬೇರೆ. ಈ ಮನುಷ್ಯ ಮದ್ರಾಸಿನಲ್ಲೇ ಯಾಕೆ ಈ ಕೆಲಸ ಮಾಡಲಾಗಲಿಲ್ಲ? ಕಾಯಿಲೆ ಇಲ್ಲೇ ಇತ್ತು. ರೋಗಿಗಳು ಇಲ್ಲೇ ಇದ್ದರು. ಮುಂಬೈ ಗಿರಣಿಯ ಹೆಂಗಸರ ರಕ್ತದಲ್ಲೇ ಉತ್ತರದ ತುದಿಯೂ ಇತ್ತು. ಇಲ್ಲದ್ದು ಕೆಲಸ ಮಾಡೋಕೆ ಒಂದು ಬೆಂಚು, ತಿಂಗಳಿಗೊಂದು ಸಂಬಳ, ಖಾದಿ ಹಾಕಿದವನನ್ನೂ ಸಹಿಸುವ ಒಂದು ಸಂಸ್ಥೆ. ಅವರನ್ನು ಮೊದಲು ಹೊರಗಿಟ್ಟದ್ದು ಇಲ್ಲಿನ ವಸಾಹತು ಆಡಳಿತ. ಆಮೇಲೆ ಅಮೆರಿಕದ ಜನಾಂಗೀಯ ಕಾನೂನು, ಆಮೇಲೆ ಹಾರ್ವರ್ಡ್. ಅವರನ್ನು ಉಳಿಸಿದ್ದು ಒಂದು ದತ್ತಿ, ಒಂದಿಷ್ಟು ಸಾಲ, ರಾತ್ರಿ ಪಾಳಿಯ ಕೂಲಿ. ಅದೃಷ್ಟ ಕೈಕೊಟ್ಟ ಎಷ್ಟು ಸುಬ್ಬರಾವ್‌ಗಳು, ಎಷ್ಟು ಶೇಷಗಿರಿಗಳು ಬಾಗಿಲಲ್ಲೇ ಉಳಿದರು ಅನ್ನೋದಕ್ಕೆ ಲೆಕ್ಕ ಇಟ್ಟವರಿಲ್ಲ.

ವಸಾಹತು ಆಡಳಿತ ಹೋಗಿ ಮುಕ್ಕಾಲು ಶತಮಾನ ದಾಟಿದೆ. ಸರ್ಕಾರದ್ದೇ ಅಂಕಿಅಂಶದ ಪ್ರಕಾರ 2020-21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64. ಚೀನಾದ್ದು ಶೇ 2 ದಾಟಿದೆ, ದಕ್ಷಿಣ ಕೊರಿಯಾದ್ದು ಶೇ 4 ದಾಟಿದೆ. ತಿಂಗಳುಗಟ್ಟಲೆ ಬಾರದ ಫೆಲೋಶಿಪ್‌ಗೆ ಕಾಯುತ್ತಾ ಕೂತವರು ಇವತ್ತೂ ಇದ್ದಾರೆ, ವೀಸಾ ಸಾಲಿನಲ್ಲಿ ನಿಂತವರೂ ಇದ್ದಾರೆ. ಅವರಲ್ಲಿ ಯಾರೋ ಒಬ್ಬರು ಹೊರಗೆ ಹೋಗಿ ಗೆದ್ದರೆ ನಮ್ಮವರು ಅಂತ ಎದೆ ತಟ್ಟಿಕೊಳ್ಳೋಕೆ ನಾವು ಯಾವಾಗಲೂ ತಯಾರು.

ಸುಬ್ಬರಾವ್ ಹೆಸರಿನಲ್ಲಿ ಒಂದು ಶಿಲೀಂಧ್ರವಿದೆ, ಸುಬ್ಬರೊಮೈಸಿಸ್ ಸ್ಪ್ಲೆಂಡೆನ್ಸ್ ಅಂತ. 1995ರಲ್ಲಿ, ನೂರನೇ ವರ್ಷಕ್ಕೆ, ಭಾರತ ಸರ್ಕಾರ ಒಂದು ಅಂಚೆಚೀಟಿ ತಂದಿತು. ಸ್ಮಾರಕ ಅಂದ್ರೆ ಬಹುಶಃ ಅವೆರಡಕ್ಕಿಂತ ಆ ಅಜ್ಜಿಯ ಚೀಟಿಯೇ ಸರಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟ ಡಾಕ್ಟರ್ ಸಾಮಾನ್ಯವಾಗಿ ಅದರ ಕೆಳಗೇ, ಬೇರೆ ದಿನ ತಗೊಳ್ಳಿ ಅಂತ, ಫೋಲಿಕ್ ಆಸಿಡ್ ಕೂಡ ಬರೆಯುತ್ತಾರೆ. ಒಂದು ಬೀಗ ಹಾಕುವ ಅಣು, ಇನ್ನೊಂದು ಅದರ ಅಡ್ಡಪರಿಣಾಮ ತಗ್ಗಿಸುವ ಅಣು, ಎರಡೂ ಒಂದೇ ಲ್ಯಾಬಿನವು. ಎರಡೂ ಈಗ ಜೆನರಿಕ್, ಯಾವ ಕಂಪನಿಯ ಏಕಸ್ವಾಮ್ಯವೂ ಅವುಗಳ ಮೇಲಿಲ್ಲ. ಹಾಗಾಗಿಯೇ ಅವು ಅಜ್ಜಿಯ ಕೈಗೆಟುಕುತ್ತಿವೆ.

ಮುಂದಿನ ಜನವರಿ 12ಕ್ಕೆ ಆ ಫಾರ್ವರ್ಡ್ ನಿಮಗೂ ಬಂದರೆ, ಹಂಚೋದಕ್ಕೆ ಮೊದಲು ನಿಮ್ಮ ಊರಿನ ವಿಶ್ವವಿದ್ಯಾಲಯದ ಲ್ಯಾಬಿಗೊಮ್ಮೆ ಹೋಗಿ ಬನ್ನಿ. ಅಲ್ಲಿ ಫಿಸ್ಕೆ-ಸುಬ್ಬರಾವ್ ಪ್ರಯೋಗಕ್ಕೆ ಬೇಕಾದ ರಾಸಾಯನಿಕ ಇದೆಯಾ, ಅದನ್ನು ಮಾಡುತ್ತಿರುವ ಹುಡುಗಿಗೆ ಈ ತಿಂಗಳ ಫೆಲೋಶಿಪ್ ಬಂದಿದೆಯಾ ಅಂತ ಕೇಳಿ ನೋಡಿ.